ಮೂಲೆಯಲ್ಲಿ ಒರಗಿದ್ದ ಟಯರಿಗೆ ತಾವು ಕೊಟ್ಟ ಪ್ರಮಾಣಪತ್ರ

ವಾಹನ ವಿಭಾಗದ ಮೇಲಧಿಕಾರಿಗಳೇ, ಮಾನ್ಯರೇ,

ಕೂತ ಕುರ್ಚಿಯಿಂದ ಏಳದೆಯೇ ಟಯರಿನ ಆರೋಗ್ಯ ತಿಳಿಯುವ ವಿದ್ಯೆ ತಮಗೆ ಸಿದ್ಧಿಸಿದೆ ಎಂಬುದು ಮೊನ್ನೆ ತಮ್ಮ ಕಚೇರಿಯಿಂದ ಬಂದ ಪತ್ರದಿಂದ ತಿಳಿಯಿತು. ಅಭಿನಂದನೆಗಳು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸಮ್ಮನಿಗೆ ತಮ್ಮ ಕಚೇರಿ ಕೊಟ್ಟಿರುವ ಬೈಕಿನ ಹಿಂದಿನ ಟಯರು ಪಕ್ಕದಲ್ಲಿ ಸೀಳಿದೆ, ಅದಕ್ಕೆ ತೇಪೆ ಹಾಕುವಂತಿಲ್ಲ, ಹೊಸದು ಕೊಡಿ ಎಂದು ನಾನು ಬರೆದುಕೊಟ್ಟಿದ್ದೆ. “ದುರಸ್ತಿಗೆ ಯೋಗ್ಯವಾಗಿದೆ, ದುರಸ್ತಿ ಮಾಡತಕ್ಕದ್ದು” ಎಂದು ತಾವು ಮೊಹರು ಒತ್ತಿ ವಾಪಸು ಕಳಿಸಿದಿರಿ. ಮಾನ್ಯರೇ, ನಾನು ಮಾಡುವುದಿಲ್ಲ. ಯಾಕೆ ಎಂದು ಹೇಳಲು ತಮ್ಮ ಬಾಗಿಲಲ್ಲಿ ಮೂರು ಸಲ ಕಾದೆ, ಮೂರು ಸಲವೂ ತಾವು ಸಭೆಯಲ್ಲಿದ್ದಿರಿ. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾನು ಪಂಕ್ಚರ್ ಅಂಗಡಿಯವನು. ಇಪ್ಪತ್ತಾರು ವರ್ಷಗಳಿಂದ ತೇಪೆಯೇ ನನ್ನ ಅನ್ನ. ತೇಪೆ ಹಾಕಬಹುದಾದ ಟಯರನ್ನು ತೋರಿಸಿ ಹೊಸದು ತನ್ನಿ ಎಂದರೆ ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಂತೆ. ನೆಲ ಮುಟ್ಟುವ ದಪ್ಪ ಭಾಗಕ್ಕೆ ಮೊಳೆ ಚುಚ್ಚಿದ್ದರೆ ಮೊಳೆ ಕಿತ್ತು ಟ್ಯೂಬಿಗೆ ತೇಪೆ ಹಾಕಿ ಹೋಗಿಬನ್ನಿ ಎನ್ನುತ್ತೇನೆ, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಟಯರಿನ ಪಕ್ಕದ ಗೋಡೆ ಹಾಗಲ್ಲ. ಗಾಡಿ ಓಡುವಾಗ ಅದು ಪ್ರತಿ ಸುತ್ತಿಗೂ ಬಳುಕಿ ಮತ್ತೆ ನೆಟ್ಟಗಾಗುತ್ತದೆ, ಭಾರ ಹೊರುವುದೇ ಅದು. ನರ್ಸಮ್ಮನ ಟಯರಿನಲ್ಲಿ ಅಲ್ಲೇ ನನ್ನ ಹೆಬ್ಬೆರಳಿನಷ್ಟು ಸೀಳು ಬಿದ್ದು, ಒಳಗಿನ ನೂಲು ತುಂಡಾಗಿ ಹೊರಗೆ ಕಾಣುತ್ತಿದೆ. ತಮ್ಮ ನಿಯಮದ ಪ್ರಕಾರ ಈ ಟಯರು ಇನ್ನೂ ಆರು ಸಾವಿರ ಕಿಲೋಮೀಟರ್ ಓಡಬೇಕಂತೆ. ಟಯರಿಗೆ ಆ ನಿಯಮ ಯಾರು ಓದಿ ಹೇಳಿದ್ದರು?

ಇನ್ನು ತಮ್ಮ ಪರೀಕ್ಷೆ. ಚಕ್ರವನ್ನು ಬಿಚ್ಚಿಸಿ ತರಿಸಿಕೊಂಡಿರಿ. ಹೊಸ ಟ್ಯೂಬು ಹಾಕಿ, ಗಾಳಿ ತುಂಬಿಸಿ, ಶನಿವಾರದಿಂದ ಸೋಮವಾರದವರೆಗೆ ಉಗ್ರಾಣದ ಮೂಲೆಯಲ್ಲಿ, ಮುರಿದ ಬೀರುವಿನ ಪಕ್ಕ, ಗೋಡೆಗೆ ಒರಗಿಸಿಟ್ಟಿರಿ. ಗಾಳಿ ಇಳಿಯಲಿಲ್ಲ. ತೀರ್ಪು ಬರೆದಿರಿ. ಚಕ್ರ ವಾಪಸು ತಂದ ತಮ್ಮ ಉಗ್ರಾಣದವರನ್ನು ನಾನೇ ಕೇಳಿದೆ.

“ಸ್ವಾಮಿ, ಅದರ ಮೇಲೆ ಯಾರಾದ್ರೂ ಕೂತಿದ್ರಾ?”

“ಕೂರೋದು ನಿಯಮದಲ್ಲಿ ಇಲ್ಲ ಕಣ್ರೀ.”

“ಒಂದ್ ಸುತ್ತಾದ್ರೂ ಉರುಳಿಸಿದ್ರಾ?”

“ಉಗ್ರಾಣದಲ್ಲಿ ಜಾಗ ಎಲ್ಲಿದೆ?”

ಅವರು ಒಳ್ಳೆಯವರು, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆದರೆ ಮಾನ್ಯರೇ, ರೋಗಿಯನ್ನು ಮಂಚದ ಮೇಲೆ ಮಲಗಿಸಿ, ಬೀಳಲಿಲ್ಲವಲ್ಲ, ಆದ್ದರಿಂದ ಬೆಟ್ಟ ಹತ್ತಬಹುದು ಎಂದು ಬರೆದುಕೊಡುವ ವೈದ್ಯರನ್ನು ತಾವು ಎಲ್ಲಾದರೂ ಕಂಡಿದ್ದೀರಾ? ನಾನಂತೂ ಈವರೆಗೆ ಕಂಡಿರಲಿಲ್ಲ.

ಇವನಿಗೆ ಹಠ ಜಾಸ್ತಿ ಎಂದು ತಮಗೆ ಅನ್ನಿಸಬಹುದು. ಹಠ ಬಂದ ಕಥೆಯನ್ನೂ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಹಾಲು ಹಾಕುವ ನನ್ನ ಗೆಳೆಯನೊಬ್ಬ ಇಂಥದೇ ಟಯರು ತಂದ. “ಇವತ್ತೊಂದಿನ ಓಡಿದ್ರೆ ಸಾಕು ಮಾರಾಯ, ಮನೆಮನೆಯಲ್ಲಿ ಕಾಯ್ತಿರ್ತಾರೆ” ಅಂದ. ಹಳೆಯ ಟಯರಿನ ತುಂಡೊಂದನ್ನು ಸೀಳಿನ ಒಳಗೆ ಅಂಟಿಸಿ ಕಳಿಸಿಕೊಟ್ಟೆ. ನನ್ನ ಕೈಚಳಕದ ಮೇಲೆ ನನಗೆ ಅಷ್ಟು ಕೊಬ್ಬು. ಇಳಿಜಾರಿನ ತಿರುವಿನಲ್ಲಿ ಟಯರು ಸಿಡಿಯಿತು. ಅವನ ಬಲಗಾಲು ಇವತ್ತಿಗೂ ಮಡಚುವುದಿಲ್ಲ. ದಿನಾ ನನ್ನ ಅಂಗಡಿ ಮುಂದೆ ಕಾಲೆಳೆಯುತ್ತಾ ಹೋಗುವಾಗ “ಏನಪ್ಪಾ, ಆಯ್ತಾ ಕಾಫಿ?” ಅಂತ ಕೇಳುತ್ತಾನೆ. ಒಂದು ಸಲವೂ ಬೈದಿಲ್ಲ. ಬೈದಿದ್ದರೆ ನನ್ನ ಸಂಕಟ ಕೊಂಚ ಕಡಿಮೆಯಾಗುತ್ತಿತ್ತೇನೋ. ಅವತ್ತಿನಿಂದ ಪಕ್ಕ ಸೀಳಿದ ಟಯರಿಗೆ ನಾನು ಕೈ ಹಾಕಿಲ್ಲ.

ನನ್ನ ಹಠಕ್ಕೆ ಬೆಲೆ ತೆರುತ್ತಿರುವವರು ಬೇರೆ ಎಂಬುದೂ ನನಗೆ ಗೊತ್ತು. ನರ್ಸಮ್ಮ ಈಗ ನಡೆದು ಹೋಗುತ್ತಿದ್ದಾರೆ. ದಿನಕ್ಕೆ ಒಂಬತ್ತು ಮನೆ ಮುಗಿಸುತ್ತಿದ್ದವರು ಮೂರು ಮುಗಿಸುವಷ್ಟರಲ್ಲಿ ಸುಸ್ತಾಗುತ್ತಾರೆ. ಗುಡ್ಡದ ಮೇಲಿನ ಮನೆಯಲ್ಲೊಬ್ಬರು ಅಜ್ಜಿ ಇದ್ದಾರೆ, ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗಿದೆ, ದಿನ ಬಿಟ್ಟು ದಿನ ಪಟ್ಟಿ ಬದಲಿಸಬೇಕು. ಬದಲಿಸಿ ಐದು ದಿನವಾಯಿತು. ನಿನ್ನೆ ನರ್ಸಮ್ಮ ಅಂಗಡಿಗೆ ಬಂದು ಬೆಂಚಿನ ಮೇಲೆ ಕುಸಿದು ಕೂತರು.

“ಅಣ್ಣಾ, ಒಂದೇ ಒಂದ್ ಸಲ ಹಾಕ್ಕೊಡಿ. ನಿಧಾನಕ್ಕೆ ಹೋಗ್ತೀನಿ.”

“ಆಗಲ್ಲಮ್ಮ. ಇದು ಪಂಕ್ಚರ್ ಅಲ್ಲ, ಗಾಯ.”

“ಗಾಯ ನೋಡೋದೇ ನನ್ನ ಕೆಲಸ, ನಂಗೇ ಹೇಳ್ತೀರಾ? ನೀವು ಹಾಕ್ದೇ ಇದ್ರೆ ಸರ್ಕಲ್ ಹತ್ರದ ಅಂಗಡೀಲಿ ಹಾಕಿಸ್ಕೋತೀನಿ. ಆ ಅಜ್ಜಿ ಬಾಗಿಲು ನೋಡ್ತಾ ಮಲಗಿರ್ತಾರೆ ಅಣ್ಣಾ.”

ಅವರು ಚಕ್ರ ಎತ್ತಿಕೊಳ್ಳಲು ಎದ್ದೇಬಿಟ್ಟರು. ಸರ್ಕಲ್ಲಿನವನು ಹಾಕಿಕೊಡುತ್ತಾನೆ, ನನಗೆ ಗೊತ್ತು. ಅವನಿಗಿನ್ನೂ ಅಂಥ ಗೆಳೆಯ ಸಿಕ್ಕಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ತಮ್ಮ ಒಂದು ಮೊಹರಿನಿಂದ ಈ ಹೆಣ್ಣುಮಗಳ ಪಾಡು ಹಾಗಾಗಿದೆ. ನನಗೆ ಸಿಟ್ಟು ನೆತ್ತಿಗೇರಿತು. ಅವರ ಕೈಯಿಂದ ಚಕ್ರ ಕಿತ್ತುಕೊಂಡು, ಟಯರು ಬಿಚ್ಚಿ, ಗರಗಸ ತೆಗೆದುಕೊಂಡು ಎರಡು ತುಂಡು ಮಾಡಿಬಿಟ್ಟೆ.

ನರ್ಸಮ್ಮ ಅಳುವ ಹಾಗಾದರು. “ಏನ್ ಮಾಡ್ಬಿಟ್ರಿ ಅಣ್ಣಾ? ಇದು ಈಗ ನನ್ ತಲೆ ಮೇಲೆ ಬರುತ್ತೆ.”

“ಬರಲ್ಲಮ್ಮ. ನಾನೇ ಮಾಡಿದ್ದು ಅಂತ ಪೇಪರಲ್ಲೇ ಬರೀತೀನಿ” ಅಂದೆ.

ಬರೆದಿದ್ದೇನೆ. ಕಚೇರಿಯ ಆಸ್ತಿಗೆ ಬೇಕೆಂದೇ ಹಾನಿ ಮಾಡಿದವನು ನಾನು. ಆ ಹೆಣ್ಣುಮಗಳದು ಇದರಲ್ಲಿ ಎಳ್ಳಷ್ಟೂ ತಪ್ಪಿಲ್ಲ, ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಸಾಕ್ಷಿ. ಎರಡೂ ತುಂಡುಗಳನ್ನು ತಮ್ಮ ಉಗ್ರಾಣಕ್ಕೆ ತಲುಪಿಸಿ ಸಹಿ ಪಡೆದಿದ್ದೇನೆ. ಬೇಕಾದರೆ ಮತ್ತೆ ಶನಿವಾರದಿಂದ ಸೋಮವಾರದವರೆಗೆ ಒರಗಿಸಿಟ್ಟು ನೋಡಬಹುದು.

ನನ್ನ ಬೇಡಿಕೆ ಒಂದೇ. ನಾಳೆ ಕಚೇರಿ ತೆರೆದ ಕೂಡಲೇ ಹೊಸ ಟಯರು ಕಳಿಸಿ, ಹಾಕಿಕೊಡಲು ನಾನು ಬಾಗಿಲು ತೆಗೆದು ಕೂತಿರುತ್ತೇನೆ. ಆಮೇಲೆ ನೋಟಿಸು ಕೊಡಿ, ವಿಚಾರಣೆಗೆ ಕರೆಯಿರಿ, ಎಷ್ಟು ಸಲ ಕರೆದರೂ ಬರುತ್ತೇನೆ. ಆದರೆ ಟಯರು ಮೊದಲು, ವಿಚಾರಣೆ ಆಮೇಲೆ. ಅಜ್ಜಿಯ ಬೆನ್ನಿನ ಹುಣ್ಣು ತಮ್ಮ ಸಭೆ ಮುಗಿಯುವ ತನಕ ಕಾಯುವುದಿಲ್ಲ.

ಇಂತಿ,
ತೇಪೆ ಹಾಕಿಯೇ ಹೊಟ್ಟೆ ಹೊರೆದು, ತೇಪೆ ಹಾಕಲೊಲ್ಲದೆ ಅಪರಾಧಿಯಾದ
ಪಂಕ್ಚರ್ ಅಂಗಡಿಯವನು