ತಮ್ಮನಿಗೆ ಹೇಳದೆ ಹಾಕಿಸಿದ ಟೈಲ್ಸ್

ಸೆಪ್ಟೆಂಬರ್ 4, ಸಂಜೆ

ಅಡುಗೆಮನೆಯ ಎರಡನೇ ಗೋಡೆಯ ಟೈಲ್ಸ್ ಕೆಲಸವೂ ಮುಗಿಯಿತು. ಚಹಾದಲ್ಲೂ ಸಿಮೆಂಟಿನ ರುಚಿ. ನಾರ್ಮತ್, ಅವನ ಭಾವಮೈದುನ — ಇಬ್ಬರೂ ಮಾತಿಲ್ಲದೆ ದುಡಿಯುತ್ತಾರೆ. ಉಜ್ಬೇಕರು, ಗಡಿಯಾಚೆಯ ನಮಂಗಾನ್ ಕಡೆಯವರು. ಕೂಲಿಯವರು ನಿಲ್ಲುವ ರಸ್ತೆಯಿಂದ ನಾನೇ ಕರೆತಂದೆ. ನಮ್ಮವರು ಕೇಳುವ ಕೂಲಿಯ ಅರ್ಧಕ್ಕೆ.

ಮುಖಿತ್‌ಗೆ ಹೇಳಿಲ್ಲ. ನನ್ನ ತಮ್ಮ ಈ ಅಲ್ಮಾಟಿಯಲ್ಲಿ ಟೈಲ್ಸ್ ಹಾಕಿಯೇ ಬದುಕಿದವನು. ಬೇಸಿಗೆಯಿಂದ ಕೆಲಸವಿಲ್ಲ, ಉಜ್ಬೇಕರು ಬಂದು ಎಲ್ಲ ಕಿತ್ತುಕೊಂಡರು ಅನ್ನುತ್ತಾನೆ. ಅವನನ್ನು ಕರೆದರೆ ಅಕ್ಕನಾದ ನನ್ನಿಂದ ಹಣ ಮುಟ್ಟುವುದಿಲ್ಲ. ಆ ಋಣ ಬೇಡ ಎಂದುಕೊಂಡೆ. ಕಾರಣ ಅದೇನಾ? ಗೊತ್ತಿಲ್ಲ...

ಸೆಪ್ಟೆಂಬರ್ 7

ಕೆಲಸ ಮುಗಿಯಿತು. ಊಟ ಹಾಕದೆ ಕಳಿಸುವಂತಿಲ್ಲ. ಕುರಿಮಾಂಸ ಬೇಯಿಸಿದೆ, ತಲೆಯನ್ನೂ. ನಾರ್ಮತ್‌ನನ್ನು ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಕೂರಿಸಿದೆ. ಅಪ್ಪ ಹೋದ ಮೇಲೆ ಮುಖಿತ್ ಕೂರುವ ಜಾಗ ಅದು. ಕೆಲಸದವರಿಗೆ ಬಾಗಿಲ ಬಳಿಯೇ ಸಾಕು ಅಂದ ನಾರ್ಮತ್. ನಾನೇ ಬಲವಂತ ಮಾಡಿದೆ. ಅತಿಥಿಯಲ್ಲವೇ. ಕುರಿಯ ತಲೆಯನ್ನೂ ಅವನ ಮುಂದೆಯೇ ಇಟ್ಟೆ, ನಮ್ಮ ಪದ್ಧತಿಯಂತೆ ಕೊಯ್ದು ಹಂಚಲಿ ಎಂದು.

ಆಗ ಮುಖಿತ್ ಬಂದ. ಹೆಗಲಲ್ಲಿ ಸಲಕರಣೆಯ ಚೀಲ. ಅಡುಗೆಮನೆ ಒಡೆಸಿದ್ದೇನೆಂದು ಯಾರೋ ಹೇಳಿದ್ದರಂತೆ. ಕೆಲಸಕ್ಕೆ ಕೈಹಚ್ಚಲೆಂದೇ ಬಂದಿದ್ದ.

ಗೋಡೆಯ ಸಂದುಗಳ ಮೇಲೆ ಹೆಬ್ಬೆರಳು ಎಳೆದ. ಚೆನ್ನಾಗಿದೆ ಅಂದ. ನಾರ್ಮತ್ ಜಾಗ ಬಿಡಲು ಎದ್ದರೆ ಭುಜ ಹಿಡಿದು ಕೂರಿಸಿದ. ತಾನು ಬಾಗಿಲ ಬಳಿ ಕೂತ.

ಕುರಿಯ ಕಿವಿ ಮನೆಯ ಮಕ್ಕಳಿಗೆ — ದೊಡ್ಡವರ ಮಾತು ಕೇಳಲಿ ಎಂದು. ನಲವತ್ತರ ಹತ್ತಿರ ಬಂದ ಮುಖಿತ್ ನಾರ್ಮತ್ ಕಡೆಗೆ ಅಂಗೈ ಚಾಚಿದ.

"ಕಿವಿ ನಂಗೇ ಕೊಡಣ್ಣ. ಈ ಮನೇಲೀಗ ಚಿಕ್ಕೋನು ನಾನೇ ಅಲ್ವಾ."

ಭಾವಮೈದುನ ನಕ್ಕ. ನಾನೂ ನಕ್ಕೆ. ಯಾಕೆ ನಕ್ಕೆ? ನಾರ್ಮತ್ ಮಾತ್ರ ತಲೆ ತಗ್ಗಿಸಿದ.

ಸೆಪ್ಟೆಂಬರ್ 8

ಮುಖಿತ್ ಫೋನ್ ಎತ್ತುತ್ತಿಲ್ಲ.

ಸೆಪ್ಟೆಂಬರ್ 19

ಕೂಲಿಯವರ ರಸ್ತೆಯಲ್ಲಿ ನಿನ್ನೆ ಗಲಾಟೆ. ನಮ್ಮ ಹುಡುಗರು ಉಜ್ಬೇಕರನ್ನು ಅಟ್ಟಿಸಿಕೊಂಡು ಹೊಡೆದರಂತೆ. ನಾರ್ಮತ್‌ನ ಬಲಗೈ ಮುರಿದಿದೆ. ಆಸ್ಪತ್ರೆಗೆ ಹೋಗಿದ್ದೆ. ಹಣ್ಣು ಕೊಟ್ಟು ಪಕ್ಕದಲ್ಲಿ ಕೂತೆ. ಕೇಳಬೇಕಾದ್ದನ್ನು ಕೇಳಲಾಗಲಿಲ್ಲ. ಅವನಿಗೇ ತಿಳಿಯಿತು.

"ನಿಮ್ ತಮ್ಮ ಹೊಡೀಲಿಲ್ಲಕ್ಕ. ನಿಂತು ನೋಡ್ತಿದ್ದ, ಅಷ್ಟೇ."

ಸಮಾಧಾನ ಹೇಳಿದನೋ, ದೂರಿದನೋ?

ಸೆಪ್ಟೆಂಬರ್ 28, ಬೆಳಿಗ್ಗೆ

ಮುಖಿತ್ ಬಂದಿದ್ದ. ಹೊಸ್ತಿಲಾಚೆಯೇ ನಿಂತ. ಮುಂದಿನ ವಾರ ಕೊರಿಯಾಕ್ಕೆ ಹೊರಟಿದ್ದಾನೆ, ಯಾವುದೋ ಕಾರ್ಖಾನೆಯ ಕೂಲಿಗೆ. ಯಾವಾಗ ವಾಪಸು ಎಂದು ಹೇಳಲಿಲ್ಲ. ಹೊರಡುವವನನ್ನು ಕೇಳಬಾರದಿತ್ತು, ಕೇಳಿಬಿಟ್ಟೆ — ಆ ದಿನ ನಾರ್ಮತ್‌ನನ್ನು ಯಾಕೆ ಬಿಡಿಸಲಿಲ್ಲ ಎಂದು.

"ನೀನ್ಯಾಕಕ್ಕ ನನ್ನ ಕರೀಲಿಲ್ಲ?"

ಋಣದ ಮಾತು ನಾಲಿಗೆಯವರೆಗೆ ಬಂತು. ಆಡಲಾಗಲಿಲ್ಲ. ಅವನು ಮೆಟ್ಟಿಲಿಳಿದ.

ಋಣ ಬರೀ ನೆಪ; ಇಲ್ಲಿಯಾದರೂ ನಿಜ ಬರೆಯಬೇಕು. ಮುಖಿತ್, ನಾನು ನಿನ್ನನ್ನು ಕರೆಯಲಿಲ್ಲ, ಯಾಕೆಂದರೆ—