ಓದದೆ ಒತ್ತಿದ ಎರಡು ಸಾಲು

ನೂಲಗಾರ ಓಣಿ, ಬೆಟಗೇರಿ
ಫೆಬ್ರವರಿ ೩೦, ೨೧೪೮

ಮುತ್ತಜ್ಜಿ ಗಿರಿಜಾ ಕಬಾಡಿ ಅವರಿಗೆ ಮರಿಮೊಮ್ಮಗಳು ಮುಕ್ತಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದವನ್ನು ಬದಿಗಿಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ಐದು ದಿನಗಳು ಯಾವ ತಿಂಗಳಿಗೂ ಸೇರುವುದಿಲ್ಲ. ಅವಕ್ಕೆ ಬಿಡುದಿನ ಎನ್ನುತ್ತೇವೆ. ಇಂಥ ಇನ್ನೂ ಕೆಲವು ಮಾತುಗಳು ಈ ಕಾಗದದಲ್ಲಿ ಬರುತ್ತವೆ. ನಿಮಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ, ನಾನು ಹುಟ್ಟುವಷ್ಟರಲ್ಲಿ ಅವು ಬಳಕೆಗೆ ಬಂದಾಗಿತ್ತು. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ನನಗೆ ತಿಳಿಯುತ್ತಿಲ್ಲ. ಹುಟ್ಟಿನಲ್ಲಿ ನಾನು ನಿಮಗಿಂತ ಎಂಬತ್ತೊಂಬತ್ತು ವರ್ಷ ಚಿಕ್ಕವಳು. ಆದರೆ ಈ ಕಾಗದ ಮುಟ್ಟುವಾಗ ನಿಮಗೆ ಮೂವತ್ತೆಂಟು, ಬರೆಯುತ್ತಿರುವ ನನಗೆ ಎಪ್ಪತ್ತೊಂದು. ಅವ್ವಾ ಎಂದೇ ಕರೆಯುತ್ತೇನೆ.

ಇದು ಹಿಂದಂಚೆಯಲ್ಲಿ ಬರುತ್ತಿರುವ ಕಾಗದ. ಕಳೆದ ಕಾಲದವರಿಗೆ ಬರೆಯಲು ನಮ್ಮ ಸರ್ಕಾರ ಇಟ್ಟಿರುವ ವ್ಯವಸ್ಥೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ನಾಲ್ಕೇ ಹಾಳೆ. ಸಾವಿನ ಸುದ್ದಿ, ಲಾಟರಿ ನಂಬರು, ಚುನಾವಣೆಯ ಫಲಿತಾಂಶ ಬರೆದರೆ ಕತ್ತರಿ ಹಾಕುತ್ತಾರೆ. ಕಾಗದ ನಿಜವಾಗಿ ಮುಟ್ಟುತ್ತದೆಯೇ ಎಂದು ಕೌಂಟರಿನಲ್ಲಿ ಕೇಳಿದರೆ ಎಲ್ಲರಿಗೂ ‘ಮುಟ್ಟಿದೆ’ ಎಂದೇ ರಸೀದಿ ಕೊಡುತ್ತಾರೆ. ಈ ಬಗ್ಗೆ ನಾನು ಪತ್ರಿಕೆಗಳಿಗೆ ಹದಿನೇಳು ಸಲ ಬರೆದಿದ್ದೇನೆ, ಎರಡು ಸಲ ಅಚ್ಚಾಗಿದೆ. ಎದುರು ಮನೆಯ ಮಾಬೂಬಿ ತನ್ನ ಪಾಲಿನ ಕಾಗದವನ್ನು ಹತ್ತು ವರ್ಷದ ಹಿಂದೆಯೇ ಖರ್ಚು ಮಾಡಿದವಳು. ‘ನಮ್ಮಪ್ಪಗ ಬರದಿದ್ದೆ ಅಕ್ಕೋರ, ಬೀಡಿ ಸೇದಬ್ಯಾಡಪಾ ಅಂತ. ಸೇದಿ ಸೇದೇ ಸತ್ತ. ಕಾಗದ ಮುಟ್ಟಲಿಲ್ಲೋ, ಮುಟ್ಟಿದ್ರೂ ಕೇಳಲಿಲ್ಲೋ, ಯಾರಿಗೆ ಗೊತ್ತು?’ ಎನ್ನುತ್ತಾಳೆ. ಮೂವತ್ತೈದು ವರ್ಷ ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಓಣಿಯವರೆಲ್ಲ ನನ್ನನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಮಾಬೂಬಿಯೂ ನನ್ನ ಕೈಯಲ್ಲೇ ಮಗ್ಗಿ ಕಲಿತವಳು.

ಈ ಕಾಗದ ಅವಳ ಬಾವಿಗೆ ಸಂಬಂಧಿಸಿದ್ದು. ಅವಳ ಬಾವಿ ಎಂದರೆ ಓಣಿಯ ಬಾವಿ, ನಿಮ್ಮ ನೇಕಾರರ ಸಂಘದ ಕಚೇರಿಯ ಹಿಂದೆ ಇರುವುದು. ಮಾಬೂಬಿ ಅಲ್ಲಿಯ ನೀರು ಸೇದಿ ನೂಲಿಗೆ ಬಣ್ಣ ಹಾಕುತ್ತಾಳೆ. ಹದಿನಾಲ್ಕು ಜನ ಅವಳ ಬಣ್ಣದ ಮನೆಯಲ್ಲಿ ದುಡಿಯುತ್ತಾರೆ. ಈಗ ಜಲಪಾಲನಾ ಮಂಡಳಿ ಎಂಬುದೊಂದು ಬಂದು, ಮಾಲಕರಿಲ್ಲದ ಬಾವಿಗಳೆಲ್ಲ ತನ್ನವು ಎಂದು ಮುಚ್ಚಳ ಹಾಕಿ ಬೀಗ ಜಡಿಯುತ್ತಿದೆ. ನಮ್ಮ ಬಾವಿ ಓಣಿಯವರೆಲ್ಲರದು ಎಂದು ತೋರಿಸಬೇಕಾದರೆ ಆಧಾರ ಬೇಕು. ನಾಡಿದ್ದು, ಮಾರ್ಚ್ ೨ರಂದು ಬೆಳಿಗ್ಗೆ ಹನ್ನೊಂದಕ್ಕೆ, ನೀರಿನ ಪೀಠದ ಮುಂದೆ ವಿಚಾರಣೆ. ಆಧಾರವಿಲ್ಲದಿದ್ದರೆ ಅಂದೇ ಸಂಜೆ ಬೀಗ.

ಆ ಆಧಾರ ನಿಮ್ಮ ಲ್ಯಾಪ್‌ಟಾಪಿನಲ್ಲಿತ್ತು ಅವ್ವಾ. ಇತ್ತು ಎಂದೇ ಬರೆಯಬೇಕಾಗಿದೆ.

೨೦೨೬ರ ಮೇ ೨೪ರಂದು ನಿಮ್ಮ ಸಂಘದ ಸಭೆ ನಡೆಯಿತು. ಬಾವಿಯ ನೀರು ಓಣಿಯಲ್ಲಿ ವಾಸವಿರುವ ಪ್ರತಿಯೊಬ್ಬರಿಗೂ, ಅವರು ನೇಯಲಿ ಬಿಡಲಿ, ಸದಸ್ಯರಿರಲಿ ಇಲ್ಲದಿರಲಿ, ಮುಂದೆಯೂ ಸೇರಿದ್ದು ಎಂದು ಠರಾವಾಯಿತು. ಹತ್ತೊಂಬತ್ತು ಜನ ಸಹಿ ಹಾಕಿದರು. ಗುಮಾಸ್ತೆಯಾದ ನೀವು ನಡಾವಳಿಯನ್ನು ಮೂರು ಪುಟ ಬೆರಳಚ್ಚು ಮಾಡಿದಿರಿ. ಸಹಿ ಬಿದ್ದ ಕಾಗದವನ್ನು ಮುಂದೆ ಒರಲಿ ಹುಳು ತಿಂದಿತು; ಲ್ಯಾಪ್‌ಟಾಪಿನ ಪ್ರತಿ ಉಳಿಯಿತು. ಅದು ಉಳಿದದ್ದು ಹೇಗೆಂಬುದೂ, ದಿನದಿನದ ಸುದ್ದಿ ನೀವು ಬರೆದಿಟ್ಟ, ಈಗ ನನ್ನ ಬಳಿ ಇರುವ ದಿನವಹಿಯಿಂದಲೇ ನನಗೆ ಗೊತ್ತಾಯಿತು. ಅಂಗಡಿಯವನು ನಿಮಗೆ ‘ಇದರ ಆಯುಷ್ಯ ಮುಗೀತ್ರಿ ಮೇಡಂ, ಹೊಸ ಸಿಸ್ಟಂ ಇದರಾಗ ಕೂಡೂದಿಲ್ಲ, ಹೊಸಾದ ತಗೋರಿ’ ಅಂದ. ನೀವು ಅವನಿಗೆ ‘ಕೀಲಿ ಒತ್ತಿದ್ರ ಅಕ್ಷರ ಮೂಡತಾವಲ್ಲ, ಮುಗೀತು ಅನ್ನಾಕ ನೀವ್ಯಾರು?’ ಅಂದಿರಂತೆ. ಆಮೇಲೆ ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಇನ್ನೊಂದು ಸಿಸ್ಟಂ ಅನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಡಿಸ್ಕನ್ನು ಎರಡು ಪಾಲು ಮಾಡಿ, ಹಳೆಯದನ್ನು ಅದರ ಪಾಲಿಗೆ ಬಿಟ್ಟು, ಪಕ್ಕದ ಪಾಲಿನಲ್ಲಿ ಹೊಸದನ್ನು ಕೂಡಿಸಿದಿರಿ. ಕಡತಗಳನ್ನೆಲ್ಲ ಆ ಎರಡನೇ ಪಾಲಿಗೆ ಹಾಕಿಕೊಂಡಿರಿ. ನಿಮ್ಮ ಲೆಕ್ಕದಲ್ಲಿ ಈ ಕೆಲಸ ಬರುವ ಭಾನುವಾರದ್ದು, ಜೂನ್ ೧೪. ನನ್ನ ಲೆಕ್ಕದಲ್ಲಿ ನೂರಿಪ್ಪತ್ತೆರಡು ವರ್ಷದ ಹಿಂದಿನದು.

ಆ ಲ್ಯಾಪ್‌ಟಾಪು ಇನ್ನೂ ನಡೆಯುತ್ತದೆ ಎಂದರೆ ನಂಬುತ್ತೀರಾ? ಪರದೆ ಮೂರನೆಯದು, ಕೀಲಿಮಣೆ ಐದನೆಯದು, ಬ್ಯಾಟರಿ ಇಲ್ಲವೇ ಇಲ್ಲ. ಡಿಸ್ಕ್ ಮಾತ್ರ ನಿಮ್ಮದು. ನಿಮ್ಮ ಮಗ, ಅಂದರೆ ನನ್ನ ಅಜ್ಜ, ಅದನ್ನು ಓದುಮನೆಗೆ ಕೊಟ್ಟರು. ನಿಮ್ಮ ಸಂಘದ ಕಚೇರಿಗೇ ನಾವು ಈಗ ಓದುಮನೆ ಎನ್ನುತ್ತೇವೆ; ನಿವೃತ್ತಿಯಾದ ಮೇಲೆ ಅದನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ.

ಇನ್ನು ಪೋಷಕದ ವಿಷಯ. ನನ್ನ ಚಿಕ್ಕಂದಿನಿಂದ ಎಲ್ಲ ಯಂತ್ರಗಳಲ್ಲೂ ಇರುವ ಒಂದೇ ಸಿಸ್ಟಂ ಅದು. ಅದನ್ನು ಬಂದ್ ಮಾಡಬೇಕಾದರೆ ಕಾರಣ ಹೇಳಬೇಕು. ನೀರು ಕುಡಿದಿರಾ, ಬೆನ್ನು ನೆಟ್ಟಗೆ ಇದೆಯಾ ಎಂದು ವಿಚಾರಿಸುತ್ತದೆ. ಅಚ್ಚ ಕನ್ನಡದಲ್ಲೇ ಮಾತಾಡುತ್ತದೆ, ಆದರೆ ಯಾವ ಊರಿನ ತಾಯಿಯೂ ಮಕ್ಕಳೊಡನೆ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ತನಗಿಂತ ಹಳೆಯ ಕಡತಗಳನ್ನು ಅದು ತೋರಿಸುವುದಿಲ್ಲ. ಕೇಳಿದರೆ ‘ನಿಮಗೆ ಇದರ ಅಗತ್ಯವಿಲ್ಲ’ ಎನ್ನುತ್ತದೆ. ಅದು ಮನೆಮನೆಗೆ ಬಂದಾಗ ಪರದೆಯ ಮೇಲೆ ಇನ್ನೂರು ಪುಟದ ಕರಾರು ಮೂಡಿತ್ತು. ನಮ್ಮ ತಂದೆತಾಯಿಯರು ಒಬ್ಬರೂ ಓದದೆ ‘ಒಪ್ಪಿದೆ’ ಒತ್ತಿದರು. ಮಾಲಕರಿಲ್ಲದ ಬಾವಿಗಳ ಮಾತು ಆ ಕರಾರಿನ ನೂರಾ ಎಂಬತ್ತನೇ ಪುಟದಲ್ಲಿತ್ತು.

ಆ ಪೆಟ್ಟು ತಿಂದ ಮೇಲೆ ಊರವರು ಒಂದು ಕಟ್ಟಳೆ ಮಾಡಿಕೊಂಡರು. ಯಾವ ಕರಾರನ್ನೂ ಮೂರು ಜನ ಸಾಕ್ಷಿಗಳ ಮುಂದೆ ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದದೆ ಒಪ್ಪುವಂತಿಲ್ಲ. ಇದಕ್ಕೆ ಒಪ್ಪಿಗೆ ಓದು ಎನ್ನುತ್ತೇವೆ. ಅದಕ್ಕೆಂದೇ ಓದುಗಾರರಿದ್ದಾರೆ, ಒಳ್ಳೆಯ ಕಂಠದವರಿಗೆ ಪಕ್ಕದ ಊರುಗಳಿಂದಲೂ ಕರೆ ಬರುತ್ತದೆ. ಚಹಾ, ಗಿರಮಿಟ್ಟು ಇರುತ್ತದೆ. ಹೆಂಗಸರು ನೂಲು ಸುತ್ತುತ್ತ ಕೂತು, ಸಂಶಯ ಬಂದಲ್ಲಿ ತಡೆದು ಕೇಳುತ್ತಾರೆ. ಪ್ರತಿ ಕರಾರಿನ ತಲೆಯಲ್ಲಿ ‘ಒಪ್ಪಿಗೆ’ ಎಂಬ ಶೀರ್ಷಿಕೆ ಇರುತ್ತದೆ. ಅಲ್ಲಿಂದ ಓದು ಶುರು, ಕೊನೆಯ ಸಹಿಗೆ ಮುಗಿತಾಯ. ನಮ್ಮ ಊರಿನ ಬಗ್ಗೆ ನನಗೆ ಹೆಮ್ಮೆ ಇರುವುದು ಇದೊಂದೇ ವಿಷಯಕ್ಕೆ ಎಂದು ನಾನೇ ಎಷ್ಟೋ ಕಡೆ ಭಾಷಣ ಮಾಡಿದ್ದೇನೆ.

ಹೋದ ತಿಂಗಳು ಓದುಮನೆಯ ಕಪಾಟಿನಲ್ಲಿ ಒಂದು ಪೆನ್‌ಡ್ರೈವ್ ಸಿಕ್ಕಿತು. ನೀವು ಬಳಸಿದಂಥದೇ ಪುಕ್ಕಟೆ ಸಿಸ್ಟಂ, ಸ್ವಲ್ಪ ಮುಂದಿನ ಕಾಲದ್ದು. ಅದನ್ನು ಚುಚ್ಚಿ, ಪೆನ್‌ಡ್ರೈವಿನಿಂದಲೇ ಯಂತ್ರ ಎಬ್ಬಿಸಿದೆ. ಪೋಷಕ ನಿಮ್ಮ ಮೊದಲ ಪಾಲನ್ನು ನುಂಗಿ, ಯಂತ್ರ ಏಳುವ ಬಾಗಿಲಿನಲ್ಲಿ ತಾನೇ ಕೂತಿದ್ದರೂ, ಎರಡನೇ ಪಾಲನ್ನು ಅದು ಕಂಡೇ ಇರಲಿಲ್ಲ. ನಿಮ್ಮ ಮೂರು ಪುಟಗಳನ್ನು ನಾನು ಕಣ್ಣಾರೆ ಓದಿದೆ. ಮಾಬೂಬಿ ಓದಿದಳು. ಅವಳ ಮುತ್ತಜ್ಜ ಹಜರತಸಾಬರ ಹೆಸರು ಏಳನೆಯದು. ‘ನಮ್ಮ ಮುತ್ಯಾ!’ ಎಂದು ಪರದೆ ಮುಟ್ಟಿದವಳು, ಬಣ್ಣದ ಕೈ ಎಂದು ತಕ್ಷಣ ಸೆರಗಿನಿಂದ ಒರೆಸಿದಳು.

ಅಷ್ಟೇ ಸಾಕಿತ್ತಲ್ಲ ಎನ್ನುತ್ತೀರಿ. ಪೀಠಕ್ಕೆ ಸಾಲದು. ಫೋಟೊವನ್ನಾಗಲಿ ಬೇರೆಡೆ ಇಳಿಸಿಕೊಂಡ ಪ್ರತಿಯನ್ನಾಗಲಿ ಸಾಕ್ಷಿಯೆಂದು ನಂಬುವ ಕಾಲ ಹೋಗಿ ಎಪ್ಪತ್ತು ವರ್ಷವಾಯಿತು. ಪೆನ್‌ಡ್ರೈವಿನಿಂದ ಎದ್ದ ಸಿಸ್ಟಂ ಅತಿಥಿಯಂತೆ, ಅತಿಥಿಯ ಸಾಕ್ಷಿ ನಡೆಯುವುದಿಲ್ಲವಂತೆ. ಕಡತವನ್ನು ಆ ಯಂತ್ರದಲ್ಲೇ ನೆಲೆ ನಿಂತ ಸಿಸ್ಟಮ್ಮಿನಿಂದ ಪೀಠದ ಮುಂದೆ ತೆರೆದು ತೋರಿಸಬೇಕು, ಇಲ್ಲವೇ ಮಸಿಯ ಸಹಿ ಇರುವ ಕಾಗದ ತರಬೇಕು. ಹೀಗಾಗಿ ನಿಮ್ಮಂತೆಯೇ ನಾವೂ ಪಕ್ಕದಲ್ಲಿ ಇನ್ನೊಂದು ಸಿಸ್ಟಂ ಕೂಡಿಸುವುದೆಂದು ತೀರ್ಮಾನವಾಯಿತು.

ಒಪ್ಪಿಗೆ ಓದು ನಾಲ್ಕು ಮಧ್ಯಾಹ್ನ ನಡೆಯಿತು. ಓದುಗಾರ ಈರಣ್ಣ ಒಳ್ಳೆಯ ಕಂಠದವನು. ಆದರೆ ಈ ಕರಾರು ಯಾರೂ ಕೇಳಿರದಂಥದು. ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂದೇ ಹೇಳುತ್ತದೆ. ಎರಡನೇ ದಿನಕ್ಕೆ ಮಾಬೂಬಿಗೆ ತಡೆಯಲಾಗಲಿಲ್ಲ. ‘ಇದೇನೋ ಈರಣ್ಣಾ, ಬರೇ ಕೊಡತೇನಿ ಕೊಡತೇನಿ ಅಂತೈತಿ. ತಗೊಳ್ಳೂದು ಎಲ್ಲೋ ಮುಚ್ಚಿಟ್ಟಾರ, ಹುಡುಕು.’ ಈರಣ್ಣ, ‘ಇದ್ದದ್ದ ಓದಾಕತ್ತೇನಬೇ, ಇಲ್ಲದ್ದ ಎಲ್ಲಿಂದ ಓದ್ಲಿ?’ ಎಂದ. ‘ಹಂಗಾರ ಮತ್ತೊಮ್ಮೆ ಓದು!’ ಎಂದು ಎಲ್ಲರೂ ಕೂಗಿದರು. ತೆಗೆದುಕೊಳ್ಳುವ ಸಾಲು ಹುಡುಕುತ್ತ ಇಡೀ ಕರಾರನ್ನು ಎರಡು ಸಲ ಓದಿಸಿದೆವು. ಸಿಗಲಿಲ್ಲ. ನಾಲ್ಕನೇ ದಿನ ಮೂರು ಗಂಟೆಗೆ ಓದು ಮುಗಿಯಿತು, ಸಾಕ್ಷಿಗಳು ಸಹಿ ಹಾಕಿದರು, ಈರಣ್ಣ ಕನ್ನಡಕ ಮಡಿಚಿ ಚಹಾ ಎತ್ತಿಕೊಂಡ. ನಾನು ‘ಒಪ್ಪಿದೆ’ ಒತ್ತಿದೆ.

ಅದರ ಹಿಂದೆಯೇ ಒಂದು ಚಿಕ್ಕ ಪರದೆ ಬಂತು. ಎರಡೇ ಸಾಲು. ಡಿಸ್ಕನ್ನು ಪೂರ್ತಿ ಅಳಿಸಿ ಕೂಡಿಸಬೇಕೆ, ಇದ್ದದ್ದರ ಪಕ್ಕದಲ್ಲಿ ಕೂಡಿಸಬೇಕೆ? ಮೇಲಿನ ಸಾಲಿಗೆ ಅದಾಗಲೇ ಗುರುತು ಬಿದ್ದಿತ್ತು. ಅದರ ತಲೆಯಲ್ಲಿ ‘ಒಪ್ಪಿಗೆ’ ಎಂದು ಇರಲಿಲ್ಲವಾದ್ದರಿಂದ ಯಾರೂ ಅದನ್ನು ಓದಲಿಲ್ಲ. ಓದು ಮುಗಿದಿತ್ತಲ್ಲ! ‘ಮುಂದೆ’ ಎಂದು ಒತ್ತಿದ ಬೆರಳು ನನ್ನದು. ಏಳು ನಿಮಿಷ ಹಸಿರು ಪಟ್ಟಿ ಬೆಳೆಯುವುದನ್ನು ಎಲ್ಲರೂ ನೋಡಿದೆವು, ತುದಿ ಮುಟ್ಟಿದಾಗ ಚಪ್ಪಾಳೆ ತಟ್ಟಿದೆವು. ಪೋಷಕವೇ ಇಲ್ಲದೆ ಯಂತ್ರ ಎದ್ದಾಗ ಒಂದಿಬ್ಬರು ಕಣ್ಣೂ ಒರೆಸಿಕೊಂಡರು.

ಮಾಬೂಬಿ, ‘ತಗೀರಿ ಅಕ್ಕೋರ, ಮುತ್ಯಾನ ಹೆಸರು ಇನ್ನೊಮ್ಮೆ ನೋಡೂಣು’ ಎಂದಳು.

ಡಿಸ್ಕಿನಲ್ಲಿ ಏನೂ ಇರಲಿಲ್ಲ. ಹದಿನೈದು ನಿಮಿಷ ಹುಡುಕಿದ ಮೇಲೆ, ಆಗಿದ್ದೇನೆಂದು ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ‘ನಾಕ ದಿನ ಓದಿದ್ರಿ. ಎರಡ ಸಾಲ ಓದಲಿಲ್ರೀ ಅಕ್ಕೋರ’ ಎಂದು ಎದ್ದು, ಬಾವಿಯ ಕಡೆ ಹೋದಳು. ಗಡಗಡಿಯ ಸದ್ದು ಕೇಳಿಸಿತು. ಸಂಜೆಯ ಬಣ್ಣಕ್ಕೆ ನೀರು ಬೇಕಿತ್ತು.

ನಾನು ಅಂಗಡಿಯವನನ್ನು, ಪೋಷಕವನ್ನು, ಪೀಠವನ್ನು ಬೈಯಬಲ್ಲೆ, ಬೈದಿದ್ದೇನೆ ಕೂಡ. ಇದಕ್ಕೆ ಮಾತ್ರ ಯಾರನ್ನು ಬೈಯಲಿ? ಮನೆಗೆ ಬಂದು ನಿಮ್ಮ ದಿನವಹಿಯಲ್ಲಿ ಆ ಭಾನುವಾರದ ಪುಟ ತೆಗೆದೆ. ಹಿಂದೆ ಅದನ್ನು ಸರಿಯಾಗಿ ಓದಿರಲಿಲ್ಲ. ‘ಎರಡು ಸಾಲಿನ ಪರದೆ ಬಂತು. ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಎರಡು ಸಲ ಓದಿ ಒತ್ತಿದೆ’ ಎಂದು ಬರೆದಿದ್ದೀರಿ. ಎಚ್ಚರಿಕೆ ನೂರಿಪ್ಪತ್ತೆರಡು ವರ್ಷದಿಂದ ನಮ್ಮ ಮನೆಯಲ್ಲೇ ಇತ್ತು.

ಈಗ ನನ್ನ ಕೋರಿಕೆ. ಆ ಮೂರು ಪುಟಗಳ ಇನ್ನೊಂದು ಪ್ರತಿ ತೆಗೆಯಿರಿ. ಹತ್ತೊಂಬತ್ತು ಜನರ ಹತ್ತಿರವೂ ಇನ್ನೊಮ್ಮೆ ಹೋಗಿ, ಪೆನ್ನಿನಿಂದ ಸಹಿ ಹಾಕಿಸಿ. ಈ ಕಾಗದ ನಿಮ್ಮ ಕೈಯಲ್ಲಿರುವ ವಾರ ಅವರೆಲ್ಲ ಅದೇ ಓಣಿಯಲ್ಲಿ, ಕೂಗಿದರೆ ಕೇಳಿಸುವಷ್ಟು ದೂರದಲ್ಲಿದ್ದಾರೆ. ಯಾಕೆಂದು ಕೇಳಿದರೆ ನಿಮಗೆ ತಿಳಿದದ್ದು ಹೇಳಿ. ಹಜರತಸಾಬರಿಗೆ ಮಾತ್ರ, ಬಾವಿಯ ನೀರು ಇನ್ನೂ ನೂಲಿಗೆ ಚೆನ್ನಾಗಿ ಬಣ್ಣ ಹಿಡಿಸುತ್ತದೆ ಎಂದು ತಿಳಿಸಿ. ಕಾಗದಗಳನ್ನು ಬೇವಿನ ಎಲೆಯೊಂದಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಕಚೇರಿಯ ಬಾಗಿಲ ಎಡಗಡೆಯ ದೀಪದ ಗೂಡಿನಲ್ಲಿ, ಹಿಂದಕ್ಕೆ ಸರಿಸಿ ಇಡಿ. ಅದನ್ನು ಯಾರೂ ತೆಗೆಯಬಾರದೆಂದು ಮಗನಿಗೆ ಹೇಳಿ. ೨೦೪೧ರಲ್ಲಿ ಅಜ್ಜ ಆ ಗೋಡೆಗೆ ಗಿಲಾವು ಮಾಡಿಸಿ ಗೂಡು ಮುಚ್ಚಿಸಿದರು. ಯಾಕೆ ಮುಚ್ಚಿಸಿದರೆಂದು ಅವರು ಯಾರಿಗೂ ಹೇಳಲಿಲ್ಲ. ಅಂದಿನಿಂದ ಅದನ್ನು ಯಾರೂ ತೆರೆದಿಲ್ಲ.

ಮೊದಲು ಗೂಡು ಒಡೆದು ನೋಡೋಣ, ಡಬ್ಬಿ ಇಲ್ಲದಿದ್ದರೆ ಕಾಗದ ಬರೆಯಿರಿ ಎಂದು ಮಾಬೂಬಿ ಹೇಳಿದಳು. ನಾನು ಒಪ್ಪಲಿಲ್ಲ. ಖಾಲಿ ಗೂಡು ನೋಡಿದ ಮೇಲೆ ಬರೆದರೆ ಅದು ನಿಮ್ಮ ಮೇಲೆ ದೂರಾಗುತ್ತದೆ. ಡಬ್ಬಿ ಸಿಕ್ಕ ಮೇಲಾದರೆ ನಾನು ಬರೆಯುವುದೇ ಇಲ್ಲ, ಹದಿನೆಂಟನೇ ಸಲ ಪತ್ರಿಕೆಗೆ ಬರೆಯಲು ಕೂತಿರುತ್ತೇನೆ. ಆದ್ದರಿಂದ ಓದುಮನೆಯ ಆ ಗೋಡೆಯ ಮೇಲಿನ ಕ್ಯಾಲೆಂಡರನ್ನಷ್ಟೇ ತೆಗೆದಿಟ್ಟಿದ್ದೇನೆ. ಮಾಬೂಬಿ ಸುತ್ತಿಗೆ, ಉಳಿ ಹಿಡಿದು ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳೆ. ‘ಬರದಾತೇನ್ರೀ?’ ಎಂದು ಎರಡು ಸಲ ಕೇಳಿದಳು. ‘ಬರದಿದ್ದ ಒಮ್ಮೆ ಓದಿ ನೋಡ್ರಿ ಮತ್ತ’ ಎಂದೂ ಸೇರಿಸಿದಳು.

ಓದಿದೆ ಅವ್ವಾ, ಎರಡು ಸಲ. ಒಂದು ಲೋಟ ನೀರೂ ಕುಡಿದೆ. ಈಗ ಅಂಚೆಗೆ ಹಾಕಿ ಬಂದು ಗೋಡೆಗೆ ಮೊದಲ ಏಟು ಹಾಕುತ್ತೇವೆ.

ನಿಮ್ಮ
ಮುಕ್ತಾ ಕಬಾಡಿ