ಅವ್ವನ ಕಡಗದಲ್ಲಿ ಕಳೆದ ಅರಗು

ಗಂಗಾವತಿ
ಮಂಗಳವಾರ

ಮುದಕಮ್ಮಕ್ಕನಿಗೆ ನಿನ್ನ ತಮ್ಮ ಓಬಳೆಪ್ಪ ಶರಣೆಂದು ಬರೆಯುವುದು.

ಫೋನಿನಲ್ಲಿ ಹೇಳಿದರೆ ನಡುವೆ ನೀನು ‘ಹೋಗ್ಲಿ ಬಿಡೋ’ ಅಂದುಬಿಡುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಅದಕ್ಕೇ ಈ ಕಾಗದ. ತಾವರಗೇರಾಕ್ಕೆ ಪಾತ್ರೆ ಸಾಮಾನು ಒಯ್ಯುವ ಟಂಟಂ ಯಮನೂರನ ಕೈಯಲ್ಲಿ ಕೊಟ್ಟಿದ್ದೇನೆ. ನೀನೇ ಓದು. ನನಗೆ ಮಗ್ಗಿ ಕಲಿಸಿದವಳು ನೀನು. ಆ ಮಗ್ಗಿಯಿಂದ ಏನೇನು ಮಾಡಿದೆ ಅನ್ನುವುದನ್ನು ಬೇರೆಯವರ ಬಾಯಲ್ಲಿ ಕೇಳಬೇಡ.

ಭಾನುವಾರ ನೀನು ಹೇಳಿದ್ದು ಇಷ್ಟು: “ಮಹೇಶ್ವರಿ ಹೊಲಿಗಿ ಅಂಗಡಿ ಇಡ್ತಾಳಂತ. ಗುರುವಾರ ಆಕಿ ಕೈಯಾಗ ಡಾಬು ಮಾರಾಕ ಕಳಸ್ತೀನಿ. ತೂಕ ನೋಡಾಕ ನಾ ಯಾಕ ಬರ್ಲಿ, ನೀ ಅದಿಯಲ್ಲ.” ನೀನು ಮಾತು ಮುಗಿಸುವ ಮೊದಲೇ ನನ್ನ ತಲೆಯೊಳಗೆ ಲೆಕ್ಕ ಮುಗಿದಿತ್ತು. ಸೊಂಟದ ಡಾಬು ಆರುನೂರು ಗ್ರಾಂ, ಬೆಸುಗೆಗೆ ಇಷ್ಟು, ಕೊಳೆಗೆ ಇಷ್ಟು, ಉಳಿದಿದ್ದು ಇಷ್ಟು. ಅಕ್ಕನ ಸೊಂಟದ್ದು ಅಂತ ಆ ತಲೆ ಒಂದು ಗಳಿಗೆ ನಿಲ್ಲಲಿಲ್ಲ.

ನಮ್ಮ ಲಾಭ ಎಲ್ಲಿಂದ ಬರುತ್ತದೆ ಅಂತ ನೀನು ಯಾವತ್ತೂ ಕೇಳಿಲ್ಲ. ಟಿವಿಯಲ್ಲಿ ಬರುವ ಬೆಳ್ಳಿ ದರ ನಾವು ಮಾರುವಾಗಿನದು. ಕೊಳ್ಳುವಾಗ ಅದರ ಕೆಳಗೆ ನಮ್ಮದೊಂದು ದರ ಇರುತ್ತದೆ. ಒಡವೆ ಮಾಡಿಸುವಾಗ ನೀವು ಕೊಟ್ಟ ಮಜೂರಿ, ಮಾರಲು ಬಂದಾಗ ಮಣ್ಣು. ಒರೆಗಲ್ಲಿಗೆ ತಿಕ್ಕಿ, ತುಟಿ ಸೊಟ್ಟ ಮಾಡಿ, ನೂರಕ್ಕೆ ಎಪ್ಪತ್ತು ಬೆಳ್ಳಿ ಇದ್ದದ್ದನ್ನು ಅರವತ್ತು ಅನ್ನುತ್ತೇವೆ. ತೊಳೆಯದೆ ತೂಗಿ ಕೊಳೆಗೆಂದು ಕಳೆಯುತ್ತೇವೆ. ನೀವು ಬಸ್ಸು ಹತ್ತಿದ ಮೇಲೆ ತೊಳೆದು, ಹೊಳಪು ಕೊಟ್ಟು, ಅದೇ ಕಾಲ್ಚೈನನ್ನು ಹೊಸದೆಂದು ಗಾಜಿನೊಳಗೆ ಇಡುತ್ತೇವೆ. ತಕ್ಕಡಿಯಲ್ಲಿ ಮೋಸವಿಲ್ಲ ಅಕ್ಕಾ. ತಕ್ಕಡಿಯ ಹಿಂದೆ ಕೂತ ಬಾಯಿ ಇದೆಯಲ್ಲ, ಅಲ್ಲಿದೆ.

ಈಗ ಅವ್ವನ ಕಡಗದ ಮಾತು.

ಮಹೇಶ್ವರಿ ನಿನ್ನ ಹೊಟ್ಟೆಯಲ್ಲಿ ಎಂಟು ತಿಂಗಳು. ಆಸ್ಪತ್ರೆ ಖರ್ಚಿಗೆಂದು ನೀನು ಜೋಡಿ ಕಡಗ ಮಾರಲು ತಂದಿದ್ದೆ. ಅವ್ವ ನಾಲ್ಕು ಹಂಗಾಮು ಭತ್ತದ ನಾಟಿಗೆ ಬಗ್ಗಿ ನಿನ್ನ ಮದುವೆಗೆಂದು ಮಾಡಿಸಿದ ಕಡಗ. ಕನಕಗಿರಿ ಸಂತೆಯಲ್ಲಿ ಮುರುಕು ಬೆಳ್ಳಿ ಕೊಳ್ಳುತ್ತಿದ್ದ ನಾನು ಇಲ್ಲಿ ಅಂಗಡಿ ತೆರೆದು ಇನ್ನೂ ಮೂರು ತಿಂಗಳು. ಹಳೆಯ ಕಡಗಗಳು ಒಳಗೆ ಟೊಳ್ಳು ಇರುತ್ತವೆ, ಅರಗು ತುಂಬಿರುತ್ತಾರೆ, ಅದನ್ನು ಕಳೆದೇ ತೂಕ ಹಿಡಿಯುವುದು ನಮ್ಮ ರೂಢಿ. ಕೈಗೆ ತೆಗೆದುಕೊಂಡಾಗಲೇ ಇದು ಹಾಗಿಲ್ಲ ಅನ್ನಿಸಿತ್ತು. ಆದರೆ ಬಾಯಿ ರೂಢಿಯ ಮಾತು ಆಡಿಯಾಗಿತ್ತು. ನಾನೂರು ಗ್ರಾಂನಲ್ಲಿ ಅರಗಿಗೆಂದು ಎಂಬತ್ತು ಕಳೆದೆ. ನೀನು ಅಂದಿದ್ದು, “ಅರಗ ಇದ್ರ ತಗಿ. ನೀ ಹೇಳಿದ ಮ್ಯಾಲ ಮುಗೀತು.”

ನೀನು ಹೋದ ಮೇಲೆ ಒಂದನ್ನು ಕತ್ತರಿಸಿದೆ. ಒಳಗೂ ಬೆಳ್ಳಿ. ಗಟ್ಟಿ ಬೆಳ್ಳಿ. ತಾವರಗೇರಾ ಬಸ್ಸು ಇನ್ನೂ ನಿಂತಿತ್ತು, ಕಿಟಕಿಯಲ್ಲಿ ನಿನ್ನ ಹಸಿರು ಸೆರಗು ಕಾಣುತ್ತಿತ್ತು. ಒಂದು ಕಾಲಿಗೆ ಚಪ್ಪಲಿ ಮೆಟ್ಟಿದೆ. ಆಗ ಗ್ರಾಂಗೆ ಹತ್ತು ರೂಪಾಯಿ, ಎಂಬತ್ತು ಗ್ರಾಂ ಅಂದರೆ ಎಂಟುನೂರು, ಅಂಗಡಿಯ ಬಾಡಿಗೆ ಏಳುನೂರು. ಇನ್ನೊಂದು ಕಾಲು ಏಳಲಿಲ್ಲ. ಬಸ್ಸು ಹೋಯಿತು.

ಆ ಎಂಟುನೂರು ಆಸ್ಪತ್ರೆಯಲ್ಲಿ ಕಡಿಮೆ ಬಿತ್ತು, ನೀನು ನಿನ್ನ ಅತ್ತೆಯ ಮುಂದೆ ಕೈ ಚಾಚಿದೆ. ಆಕೆ ಕೊಟ್ಟಳು, ಕೊಟ್ಟು ತೊಟ್ಟಿಲ ದಿನ ಇಡೀ ಓಣಿಗೆ ಕೇಳುವಂತೆ ಅಂದಳು: “ಇವರವ್ವ ಅರಗ ತುಂಬಿದ ಕಡಗ ಹಾಕಿ ಕಳಿಸ್ಯಾಳ. ಆ ಮನಿ ಒಳಗ ಏನೈತಿ ಅಂತ ಗೊತ್ತಾತು.” ಮರುದಿನವೇ ಅವ್ವ ನನ್ನನ್ನು ಕರೆದುಕೊಂಡು ಆ ಕಡಗ ಮಾಡಿಕೊಟ್ಟ ಪತ್ತಾರ ಶರಣಬಸಪ್ಪನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಬೈದಳು. ಆ ಮುದುಕ, “ಇಲ್ಲಬೇ ಯವ್ವಾ, ಗಟ್ಟಿ ಎರದೀನಿ, ನೀನಾ ಮುಂದ ಕುಂತಿದ್ದಿ” ಅಂದ. ಅವ್ವ ನನ್ನ ಕಡೆ ಕೈ ತೋರಿಸಿ ಅಂದ ಮಾತು, “ನನ್ನ ಮಗ ತೂಗ್ಯಾನ.”

ನಾನು ಅವ್ವನ ಹಿಂದೆ ಮನೆಗೆ ನಡೆದೆ. ಅವ್ವ ಸಾಯುವವರೆಗೂ ಹಾಗೆಯೇ ತಿಳಿದಿದ್ದಳು, ಶರಣಬಸಪ್ಪನೂ ಆ ಮಾತು ಹೊತ್ತುಕೊಂಡೇ ಹೋದ. ಆ ವರ್ಷ ಪಂಚಮಿಗೆ ನಿನಗೆ ತಂದ ಇಳಕಲ್ ಸೀರೆ ನೆನಪಿದೆಯೇ? ಅದು ನಿನ್ನದೇ ದುಡ್ಡು. ನೀನು ಅದನ್ನು ಉಟ್ಟು ಊರೆಲ್ಲ ತೋರಿಸಿ ಬಂದಿದ್ದೆ.

ಇದನ್ನು ಬರೆಯುತ್ತೇನೆ ಅಂದಾಗ ನನ್ನ ಮನೆಯಾಕೆ ಹೇಮಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಇಪ್ಪತ್ತೆರಡು ವರ್ಷ ಆತು, ಯಾರ್ ಕೇಳ್ಯಾರ? ನಿಮ್ಮಕ್ಕಗ ಗೊತ್ತಾದ್ರ ತಾವರಗೇರಾಕ್ಕ ಗೊತ್ತಾದಂಗ. ಅಂಗಡಿಗೆ ನೀವಾ ಕೀಲಿ ಹಾಕ್ರಿ.” ಅವಳ ಲೆಕ್ಕ ತಪ್ಪಿಲ್ಲ. ನನ್ನ ಅರ್ಧ ಗಿರಾಕಿ ನಿಮ್ಮ ಕಡೆಯವರು. ಆದರೆ ಗುರುವಾರ ಮಹೇಶ್ವರಿ ಡಾಬು ನನ್ನ ಕೈಯಲ್ಲಿ ಇಡುತ್ತಾಳೆ, ‘ಮಾಮಾ, ನೀವು ಹೇಳಿದಷ್ಟೇ ತೂಕ’ ಅನ್ನುತ್ತಾಳೆ. ನನ್ನ ಬಾಯನ್ನು ನಾನು ನಂಬುವುದಿಲ್ಲ.

ಆದ್ದರಿಂದ ಡಾಬು ಕಳಿಸಬೇಡ. ಮೊದಲು ಕುಷ್ಟಗಿಗೆ ಹೋಗು, ಶುದ್ಧ ಎಷ್ಟು ಅಂತ ಯಂತ್ರದಲ್ಲಿ ನೋಡಿಸಿ ಚೀಟಿ ಬರೆಸಿಕೋ. ತೊಳೆದು ಒರೆಸಿಯೇ ತೂಗಿಸು. ಡಾಬು ನಿನ್ನ ಕಣ್ಣಳತೆ ಬಿಟ್ಟು ಒಳಕೋಣೆಗೆ ಹೋಗಬಾರದು. ಆಮೇಲೂ ತಮ್ಮನ ಅಂಗಡಿಗೇ ಬರಬೇಕು ಅನ್ನಿಸಿದರೆ ನೀನೇ ಬಾ, ತಕ್ಕಡಿಯ ಎದುರು ಕೂರು. ಬರದಿದ್ದರೆ ಯಾಕೆ ಅಂತ ಕೇಳುವ ಬಾಯಿ ನನಗಿಲ್ಲ.

ಯಮನೂರ ಒಂದು ಬಟ್ಟೆಗಂಟು ಕೊಡುತ್ತಾನೆ. ಜೋಡಿಯಲ್ಲಿ ನಾನು ಕತ್ತರಿಸದ ಇನ್ನೊಂದು ಕಡಗ ಅದು. ಹೋಗದ ಮಾಲನ್ನು ಮೂರು ತಿಂಗಳು ಇಟ್ಟುಕೊಳ್ಳದ ನಾನು ಇದನ್ನು ಇಪ್ಪತ್ತೆರಡು ವರ್ಷ ತಿಜೋರಿಯ ತಳದಲ್ಲಿ ಇಟ್ಟೆ, ಕರಗಿಸಲು ಕೈ ಬರಲಿಲ್ಲ. ಅವತ್ತಿನ ಎಂಟುನೂರು ಕಳಿಸಿದರೆ ಇವತ್ತಿನ ದರದಲ್ಲಿ ಮತ್ತೆ ನನಗೇ ಲಾಭ. ಅದಕ್ಕೇ ಬೆಳ್ಳಿಯ ಸಾಲವನ್ನು ಬೆಳ್ಳಿಯಲ್ಲೇ ತೀರಿಸುತ್ತಿದ್ದೇನೆ. ಆ ಎಂಬತ್ತು ಗ್ರಾಂಗಿಂತ ತೂಕ ಹೆಚ್ಚಿದೆ, ಹೆಚ್ಚಿದ್ದು ಬಡ್ಡಿ. ಮಾರುವುದಾದರೆ ಮಾರು. ಆದರೆ ಅದಕ್ಕೂ ಮೊದಲು ನಿನ್ನ ಅತ್ತೆಯನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಓಣಿಯವರನ್ನು ಕರೆದು, ಆಕೆಯ ಕಣ್ಣೆದುರು ಇದನ್ನು ಕತ್ತರಿಸಿ ತೋರಿಸು. ಯಾರು ಸುಳ್ಳು ಹೇಳಿದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು, ಅಂಗಡಿಯ ಹೆಸರೂ ಹೇಳು.

ಮಹೇಶ್ವರಿಯ ಹೊಲಿಗೆ ಯಂತ್ರ ನಿಲ್ಲದೆ ಓಡಲಿ. ನಿನಗೆ ತೂಕ ತಪ್ಪಿ ಹೇಳಿದ,

ತಮ್ಮ ಓಬಳೆಪ್ಪ